ಶಾಖದ ಸಾಕಮ್ಮ

ಬಿಸಿ ಉಪ್ಪಿನ ಗಂಟನ್ನು ಬಾಣಲೆಯಿಂದ ಎತ್ತಿದವಳೇ ನಮ್ಮಕ್ಕ ಮೊದಲು ತನ್ನ ಕೆನ್ನೆಗೆ ಒತ್ತಿಕೊಳ್ಳುತ್ತಿದ್ದಳು. ಕೆನ್ನೆ ಒಪ್ಪಿದರೆ ಮಾತ್ರ ಅದು ಬೇರೆಯವರ ಮೈಗೆ. ಎಡಗೆನ್ನೆಯಲ್ಲಿ ಒಂದು ಕಡೆ ಚರ್ಮ ಕಪ್ಪಾಗಿಯೇ ಹೋಗಿತ್ತು. ಮಗುವಿನ ಹೊಟ್ಟೆನೋವು, ಬಾಣಂತಿಯ ಸೊಂಟನೋವು, ಉಳುಕಿದ ಕಾಲು, ನುಗ್ಗೇಹಳ್ಳಿಯ ನಮ್ಮ ಬೀದಿಯಲ್ಲಿ ಎಲ್ಲಕ್ಕೂ ಅವಳೇ. ಶಾಖದ ಸಾಕಮ್ಮ ಅಂತಲೇ ಹೆಸರು. ಒಮ್ಮೆ ಬೆನ್ನು ಹಿಡಿದುಕೊಂಡ ಡೈರಿಯ ರಂಗಪ್ಪ ಬೋರಲು ಮಲಗಿದವನು ಅಯ್ಯೋ ಅಂತ ಕಿರುಚಿದ. "ಕೂಗ್ಬ್ಯಾಡ ಕಣ್ಲಾ, ನಾನಿನ್ನೂ ಮಡಗೇ ಇಲ್ಲ" ಅಂದಳು.

ಗಂಡ ತೀರಿದ ಮೇಲೆ ಅವಳು ನನ್ನ ಮನೆಯಲ್ಲೇ ಇದ್ದಳು. ನಾನು ಅವಳ ತಂಗಿ ಜಯಮ್ಮ. ನನ್ನ ಓದು ನಾಲ್ಕನೇ ಕ್ಲಾಸಿಗೆ ನಿಂತಿತು.

ಎದೆಯ ಕ್ಯಾನ್ಸರಿಗೆ ಅಕ್ಕನಿಗೆ ಹಾಸನದಲ್ಲಿ ಆಪರೇಷನ್ ಆಗಿತ್ತು. ಕೆಲವು ವರ್ಷಗಳ ಮೇಲೆ ಹೊಲಿಗೆ ಹಾಕಿದ ಜಾಗದಲ್ಲೇ ಮತ್ತೆ ಸಣ್ಣ ಗಡ್ಡೆಗಳು ಎದ್ದವು. ಬೆಂಗಳೂರಿನ ಆಸ್ಪತ್ರೆಯೊಂದರಲ್ಲಿ ಕರೆಂಟು, ಅಂದರೆ ರೇಡಿಯೇಷನ್, ಕೊಡುವುದು ಶುರುವಾಯಿತು. ವಾರಕ್ಕೊಮ್ಮೆ ಅದರ ಜೊತೆಗೆ ಶಾಖವನ್ನೂ ಕೊಡುತ್ತಿದ್ದರು. ಎದೆಯ ಮೇಲೆ ನೀರಿನ ಚೀಲ, ಅದರ ಮೇಲೊಂದು ಯಂತ್ರ. ಎಷ್ಟು ಬಿಸಿ ಅಂತ ತಿಳಿಯಲು ಚರ್ಮಕ್ಕೆ ತಂತಿ ಅಂಟಿಸುತ್ತಿದ್ದರು. "ಪರವಾಗಿಲ್ಲ ಕಣವ್ವ, ನಿನ್ ಕೈನೂ ಪಳಗೈತೆ" ಅಂತ ಅಕ್ಕ ನರ್ಸನ್ನು ಹೊಗಳಿದಳು. ಡಾಕ್ಟರು ನನಗೆ ಬಿಡಿಸಿ ಹೇಳಿದ್ದರು: "ಶಾಖ ಒಂದರಿಂದಲೇ ಗಡ್ಡೆ ಸಾಯಲ್ಲಮ್ಮ. ಕರೆಂಟು ಚೆನ್ನಾಗಿ ಹಿಡೀಲಿ ಅಂತ ಇದು. ಮಧ್ಯೆ ಬಿಡಬೇಡಿ."

ಹಬ್ಬದ ರಜೆಗೆ ಊರಿಗೆ ಬಂದೆವು. ಬೆಂಗಳೂರಿನಲ್ಲಿ ಮಲಗುತ್ತಿದ್ದ ಛತ್ರದ ನೆಲ, ಆಸ್ಪತ್ರೆಯ ಸಾಲು, ಬಸ್ಸು, ಎಲ್ಲ ನನಗೆ ಸಾಕಾಗಿತ್ತು. ವಾಪಸ್ ಹೊರಡಬೇಕಾದ ದಿನ ಅಂದೆ: "ಅದೇ ಶಾಖ ತಾನೇ ಅಕ್ಕ? ನಾನೇ ಕೊಡ್ತೀನಿ ಬಿಡು."

"ಡಾಕ್ಟ್ರು ಬಿಡಬ್ಯಾಡಿ ಅಂದವ್ರೆ ಕಣಮ್ಮಿ. ನಂಗಿನ್ನೂ ಬದುಕೋ ಆಸೆ ಅದೆ."

"ಊರಿಗೆಲ್ಲ ವಾಸಿ ಮಾಡ್ದೋಳು, ನಿಂಗೆ ನಿನ್ ಶಾಖದ ಮೇಲೇ ನಂಬ್ಕೆ ಇಲ್ವಾ?"

ಅಕ್ಕ ನಕ್ಕುಬಿಟ್ಟಳು. ಈ ಮಾತಿಗೆ ಸೋಲುತ್ತಾಳೆ ಅಂತ ಗೊತ್ತಿದ್ದೇ ನಾನು ಆಡಿದ್ದು.

ನಾವು ಬಸ್ಸು ಹತ್ತಲಿಲ್ಲ; ಆ ರಾತ್ರಿ ಉಪ್ಪಿನ ಗಂಟು ಕಾಯಿಸಿ ಅವಳ ಎದೆಗೆ ನಾನೇ ಶಾಖ ಕೊಟ್ಟೆ. ಆಪರೇಷನ್ ಆದ ಕಡೆ ಅವಳ ಚರ್ಮಕ್ಕೆ ಸ್ಪರ್ಶವೇ ಇರಲಿಲ್ಲ. ಅದು ಇಬ್ಬರಿಗೂ ಹೊಳೆಯಲಿಲ್ಲ. "ಬಿಸೀನೇ ಇಲ್ವಲ್ಲೇ, ಇನ್ನೊಂಚೂರು ಕಾಯ್ಸು" ಅನ್ನುತ್ತಿದ್ದಳು. ನಾನು ಕಾಯಿಸುತ್ತಿದ್ದೆ. ಅವಳಂತೆ ಕೆನ್ನೆಗೆ ಒತ್ತಿ ನೋಡುವ ಅಭ್ಯಾಸ ನನಗಿರಲಿಲ್ಲ. ಬೆಳಿಗ್ಗೆ ನೋಡಿದರೆ ಎದೆಯ ತುಂಬ ಬೊಬ್ಬೆ ಎದ್ದಿತ್ತು.

ಬೆಂಗಳೂರಿಗೆ ಓಡಿದೆವು. ಗಾಯ ಮಾಯುವವರೆಗೆ ಕರೆಂಟು ಕೊಡುವಂತಿಲ್ಲ ಅಂದರು ಡಾಕ್ಟರು. "ಯಾರು ಮಾಡಿದ್ದು ಇದನ್ನ?" ಅಂತ ನನ್ನ ಕಡೆ ನೋಡಿದರು.

"ನಾನೇ ಮಡಿಕ್ಕಂಡೆ ಸಾ. ಇವ್ಳು ಬ್ಯಾಡ ಅಂದ್ಲು, ನಾನು ಕೇಳ್ನಿಲ್ಲ" ಅಂದಳು ಅಕ್ಕ. ಬೈಗುಳವೆಲ್ಲ ಅವಳಿಗೇ ಬಿತ್ತು. ನಾನು ಬ್ಯಾಗು ಹಿಡಿದು ಪಕ್ಕದಲ್ಲಿ ನಿಂತಿದ್ದೆ. ಊರಿಗೆ ಬಂದ ಮೇಲೂ ಅವಳು ಕೇಳಿದವರಿಗೆಲ್ಲ ಅದನ್ನೇ ಹೇಳಿದಳು.

ಗಾಯ ಮಾಯುವಷ್ಟರಲ್ಲಿ ರೋಗ ಶ್ವಾಸಕೋಶಕ್ಕೆ ಇಳಿದಿತ್ತು. ಚಿಕಿತ್ಸೆ ಬಿಡದಿದ್ದರೆ ಉಳಿಯುತ್ತಿದ್ದಳೇ ಅಂತ ಡಾಕ್ಟರು ಹೇಳಲಿಲ್ಲ, ನಾನು ಕೇಳಲೂ ಇಲ್ಲ. ಅಕ್ಕ ಹಾಸನದ ಆಸ್ಪತ್ರೆಯಲ್ಲಿ ತೀರಿಕೊಂಡಳು.

ತಿಥಿಯ ಊಟಕ್ಕೆ ಕೂತವರು ಮಾತಾಡಿಕೊಳ್ಳುತ್ತಿದ್ದರು. "ಅವಳ ಶಾಖದ ಹುಚ್ಚೇ ಅವಳನ್ನ ತಿಂದ್ಬುಡ್ತು ಕಣಣ್ಣ. ಪಾಪ, ಜಯಮ್ಮ ಬ್ಯಾಡ ಬ್ಯಾಡ ಅಂತ ಎಷ್ಟು ಬಡ್ಕಂಡ್ಲಂತೆ!"

ನಾನು ಆ ಎಲೆಗೆ ಸಾರು ಬಿಟ್ಟು ಮುಂದಿನ ಎಲೆಗೆ ಹೋದೆ.