ಟ್ಯಾಪಿಂಗಿನ ಅಂಗಿ

ಗುತ್ತಿಗಾರಿನ ಸೀತು ಇಪ್ಪತ್ತೆರಡು ವರ್ಷಗಳಿಂದ ರಬ್ಬರ್ ಟ್ಯಾಪಿಂಗ್, ಅಂದರೆ ಮರದ ತೊಗಟೆ ಕೆತ್ತಿ ಹಾಲು ಇಳಿಸುವ ಕೆಲಸ, ಮಾಡುವವಳು. ಅವಳು ಕೆತ್ತಿದ ಮರ ತೋರಿಸಿಯೇ ಹೊಸಬರಿಗೆ ಕೆಲಸ ಕಲಿಸುತ್ತಾರೆ. ಅದನ್ನು ಹೇಳಿಕೊಳ್ಳುವುದರಲ್ಲಿ ಅವಳೂ ಹಿಂದೆ ಬಿದ್ದವಳಲ್ಲ. ಕೆಲಸಕ್ಕೆ ಮಾತ್ರ ಗಂಡ ಮಹಾಲಿಂಗ ಬಿಸಾಡಲು ಇಟ್ಟ ಅಂಗಿಯೇ ಆಗಬೇಕು. ರಬ್ಬರ್ ಹಾಲು ಬಟ್ಟೆಗೆ ಬಿದ್ದರೆ ಕಪ್ಪಾಗಿ ಅಂಟಿ ಕೂರುತ್ತದೆ, ಯಾವ ಸೋಪಿಗೂ ಬಗ್ಗುವುದಿಲ್ಲ. ಈ ಕಡೆ ಹತ್ತೆಕರೆ ತೋಟ ಇದ್ದವರೂ ಟ್ಯಾಪಿಂಗಿಗೆ ಹೊರಟರೆ ತಿರುಪೆಯವರಂತೆಯೇ ಕಾಣುತ್ತಾರೆ.

ಹೋದ ವರ್ಷ ಒಂದು ಬೆಳಿಗ್ಗೆ ಕಾರಿನಲ್ಲಿ ಹೋಗುತ್ತಿದ್ದ ವಿದೇಶಿಯರಿಬ್ಬರು ಇಳಿದು ಅವಳ ಫೋಟೊ ತೆಗೆದಿದ್ದರು. ತನ್ನ ಕೆಲಸ ಕಂಡು ಮೆಚ್ಚಿದರು ಎಂದುಕೊಂಡ ಸೀತು ಆಮೇಲೆ ಅದನ್ನು ಮರೆತೇ ಬಿಟ್ಟಳು.

ಮೊನ್ನೆ ಮಧ್ಯಾಹ್ನ ಊಟಕ್ಕೆ ಕೂತಾಗ ಮಗಳು ಸುಪ್ರಿತಾಳ ಮೊಬೈಲಿಗೆ ದುಬೈಯಲ್ಲಿ ಕೆಲಸಕ್ಕಿರುವ ಪಕ್ಕದ ಮನೆಯ ಜಾಸಿರನ ಸಂದೇಶ ಬಂತು: "ಇದು ಸೀತಕ್ಕ ಅಲ್ವಾ?" ಜೊತೆಗೆ, ಬಡ ದೇಶಗಳಿಗೆ ನೆರವು ಕೊಡುವ ಯಾವುದೋ ಸಂಸ್ಥೆಯ ಪುಸ್ತಿಕೆ. ಸೀತುವಿನ ಫೋಟೊದ ಕೆಳಗಿನ ಇಂಗ್ಲಿಷನ್ನು ಸುಪ್ರಿತಾ ಕನ್ನಡದಲ್ಲಿ ಹೇಳಿದಳು: ಈಕೆ ವಿಧವೆ. ಉಡಲು ಇರುವುದು ಇದೊಂದೇ ಬಟ್ಟೆ. ಮಕ್ಕಳು ಶಾಲೆಯ ಮುಖ ಕಂಡಿಲ್ಲ.

ವಿಧವೆಯ ಗಂಡ ಪಕ್ಕದಲ್ಲಿ ಎರಡನೇ ಸಲ ಸಾರು ಬಡಿಸಿಕೊಳ್ಳುತ್ತಿದ್ದ. ಶಾಲೆಯ ಮುಖ ಕಾಣದ ಮಗಳು ಪುತ್ತೂರಿನ ಕಾಲೇಜಿನಲ್ಲಿ ಪಾಠ ಮಾಡುವವಳು.

"ಇವರು ಇಲ್ಲೇ ಕೂತು ಉಣ್ಣುವಾಗ ಆ ಜನ ನನ್ನ ಕುಂಕುಮ ಅಳಿಸಿದ್ರಲ್ಲ," ಎಂದಳು ಸೀತು. "ಈಗಲೇ ಫೋನ್ ಮಾಡು. ನನ್ನ ಮುಖ ಅದರಿಂದ ತೆಗೀಲಿಕ್ಕೆ ಹೇಳು."

ಸಂಸ್ಥೆಯ ಬೆಂಗಳೂರು ಕಚೇರಿಯ ಹೆಂಗಸು ಮರ್ಯಾದೆಯಿಂದಲೇ ಮಾತನಾಡಿದಳು. ಈ ವರ್ಷದ ಪುಸ್ತಿಕೆ ಆಗಲೇ ಎಲ್ಲ ಕಡೆ ಹೋಗಿಯಾಗಿತ್ತು, ತೆಗೆಯುವಂತಿರಲಿಲ್ಲ. ಸೀತು ಮಗಳ ಕೈಯಿಂದ ಫೋನ್ ಕಿತ್ತುಕೊಂಡಳು.

"ಹಾಗಾದ್ರೆ ಸೀರೆ ಉಟ್ಟ ಫೋಟೊ ಕೊಡ್ತೇನೆ, ಬರುವ ವರ್ಷ ಅದನ್ನು ಹಾಕಿ. ಕೆಳಗೆ ಇದ್ದದ್ದು ಇದ್ದ ಹಾಗೆ ಬರೀರಿ."

"ಅಮ್ಮಾ, ಸೀರೆ ಉಟ್ಟವರಿಗೆ ಅಲ್ಲಿ ಯಾರು ಸಹಾಯ ಮಾಡ್ತಾರೆ?" ಎಂದಳು ಕಚೇರಿಯ ಹೆಂಗಸು. "ಬಡ ದೇಶದವರು ಹೇಗಿರ್ತಾರೆ ಅಂತ ದುಡ್ಡು ಕೊಡೋರಿಗೆ ಒಂದು ಲೆಕ್ಕ ಇದೆ. ಹಾಗಿದ್ರೆ ಮಾತ್ರ ನಂಬ್ತಾರೆ. ವಿಧವೆ ಅನ್ನೋದು ತಪ್ಪಾಗಿದೆ, ಅಷ್ಟು ಬೇಕಾದ್ರೆ ತಿದ್ದಿಸ್ತೀವಿ."

ಎದುರು ಬಂದ ಆನೆಗೂ ಬೈದು ಅಭ್ಯಾಸವಿದ್ದ ಸೀತು ಫೋನನ್ನು ಮಗಳಿಗೆ ಕೊಟ್ಟುಬಿಟ್ಟಳು.

ಮಾತು ಮುಗಿಸಿದ ಸುಪ್ರಿತಾ ಮೊಬೈಲಿನಲ್ಲೇ ಪುಸ್ತಿಕೆಯ ಮುಂದಿನ ಪುಟ ತೆರೆದಳು. ಆಫ್ರಿಕಾದ ಒಬ್ಬ ಹೆಂಗಸು. ಹರಿದ ಬಟ್ಟೆ, ಮೊಣಕಾಲವರೆಗೆ ಕೆಸರು.

"ಅಯ್ಯೋ ಪಾಪ," ಎಂದಳು ಸೀತು. "ಇವಳಿಗೆ ಉಣ್ಣಲಿಕ್ಕೂ ಇಲ್ಲ ಕಾಣ್ತದೆ."

"ಅದು ನಿನಗೆ ಹೇಗೆ ಗೊತ್ತು?" ಮಹಾಲಿಂಗ ತಲೆ ಎತ್ತದೆ ಕೇಳಿದ.

ಸೀತು ಮೊಬೈಲನ್ನು ಹತ್ತಿರ ಹಿಡಿದು ನೋಡಿದಳು. ಹೆಂಗಸಿನ ಕೈಯಲ್ಲಿ ಗುದ್ದಲಿ ಇತ್ತು, ಹಿಂದೆ ಹಚ್ಚಗೆ ಬೆಳೆದು ನಿಂತ ಜೋಳದ ಹೊಲ. ಆ ಮಾತು ತನ್ನ ಬಾಯಿಂದಲೇ ಬಂತಲ್ಲ ಎಂದುಕೊಳ್ಳುತ್ತ ಮೊಬೈಲನ್ನು ಮಗಳಿಗೆ ಹಿಂದಿರುಗಿಸಿದಳು.

"ಇವಳ ಕೆಳಗೆ ಬರೆದದ್ದು ಓದಬೇಡ ಮಗಾ," ಎಂದಳು.