ಕುರ್ಚಿ ಬಿಟ್ಟವರು, ಬಿಡದವರು

ಪೇಪರ್ ಪ್ಲೇಟಿನಲ್ಲಿ ಬಡಿಸಿದ ಬಿಸಿಬೇಳೆಬಾತ್ ಆರುವುದರೊಳಗೆ ಅಮೆರಿಕದಲ್ಲಿರುವ ನಮ್ಮ ನಾರ್‌ಕ್ರಾಸಿನ ಮನೆಯ ಸೋಫಾದ ಮೇಲೆ ಒಬ್ಬಿಬ್ಬರು ಪ್ರಧಾನಿಗಳಾದರೂ ಪದಚ್ಯುತರಾಗಿರುತ್ತಾರೆ. ನಿಮ್ಮ ಮನೆಯಲ್ಲೂ ಹೀಗೆಯೇ ಇರಬೇಕು. ಹೊಟ್ಟೆ ತುಂಬಿದ ಕನ್ನಡಿಗನಿಗೆ ಲೋಕದ ನಾಯಕರೆಲ್ಲ ಕೈಕಟ್ಟಿ ನಿಂತ ಆರೋಪಿಗಳೇ. ಆ ಭಾನುವಾರ ಮಾತ್ರ ಸರದಿ ಜಪಾನಿನದಾಗಿತ್ತು. ಹೈಸ್ಕೂಲಿನಲ್ಲಿ ಓದುವ ನನ್ನ ಮಗಳು ಅನಘಾಳಿಗೆ ರಾಲಿ ನಗರದಲ್ಲಿ ನಡೆಯಲಿದ್ದ ಭಾಷಣ ಸ್ಪರ್ಧೆಗೆ ಕೊಟ್ಟ ವಿಷಯ, ಜಪಾನಿನ ಅತಿ ಕೆಟ್ಟ ಪ್ರಧಾನಿ ಯಾರು ಎಂಬುದು. ಗೆದ್ದರೆ ವಾಷಿಂಗ್ಟನ್ನಿನ ಅಂತಿಮ ಸುತ್ತು. ಆ ಒಂದು ಪ್ರಯಾಣದ ಮೇಲೆ ಹುಡುಗಿ ಜೀವವನ್ನೇ ಇಟ್ಟುಕೊಂಡಿದ್ದಳು.

"ಎರಡೇ ತಿಂಗಳಿಗೆ ಮನೆಗೆ ಹೋದ್ನಲ್ಲ, ಅವನನ್ನೇ ಹಿಡ್ಕೋಮ್ಮ. ಕುರ್ಚಿ ಬೆಚ್ಚಗಾಗೋಕ್ ಮುಂಚೆ ಎದ್ದು ಹೋದೋನು ಲೀಡರ್ರಾ?" ಎಂದರು ನಮ್ಮ ಬಳಗದ ಹಿರಿಯರಾದ ಶ್ರೀಕಂಠ ಅಂಕಲ್. ಎಲ್ಲರೂ ನಕ್ಕರು, ನಾನೂ ನಕ್ಕೆ. ಯಾರೂ ಕುರ್ಚಿ ಬಿಟ್ಟು ಏಳದ ನಾಡಿನಿಂದ ಬಂದ ನಮಗೆ ಅಂಟಿಕೊಂಡು ಕೂರುವುದೇ ಸಾಮರ್ಥ್ಯವೆಂಬ ಭ್ರಮೆ. ತಲೆಬಾಗಿಸಿ ಕ್ಷಮೆ ಕೇಳಿ ಇಳಿದುಹೋಗುವವನನ್ನು ಕಂಡರೆ ಅಯ್ಯೋ ಪಾಪವೆನಿಸುತ್ತದೆಯೇ ಹೊರತು ಗೌರವ ಹುಟ್ಟುವುದಿಲ್ಲ.

"ಬೇಗ ಹೋದ್ರೆ ಡ್ಯಾಮೇಜ್ ಕಮ್ಮಿ ಅಲ್ವಾ ಅಂಕಲ್? ವಾರ್ ಮಾಡಿದೋರು ಬೇಗ ಹೋಗ್ಲಿಲ್ಲ," ಎಂದಳು ಅನಘಾ.

"ಅದೆಲ್ಲ ಹಳೇ ಕಥೆ ಪುಟ್ಟಿ. ನಗಿಸಿದ್ರೆ ಜಡ್ಜ್‌ಗಳು ಮಾರ್ಕ್ಸ್ ಕೊಡ್ತಾರೆ. ನಿಂಗೆ ವಿನ್ ಆಗ್ಬೇಕೋ ಬೇಡ್ವೋ?"

ಗೆಲ್ಲುವ ಆಸೆ ಅವಳ ಮುಖದ ಮೇಲೆಯೇ ಇತ್ತು.

ರಾಲಿಗೆ ನಮ್ಮ ವ್ಯಾನಿನಲ್ಲಿ ಪುಳಿಯೋಗರೆಯ ಡಬ್ಬಿಯೂ ಬಂತು, ಶ್ರೀಕಂಠ ಅಂಕಲ್ಲೂ ಬಂದರು. ಅನಘಾಳಿಗಿಂತ ಮೊದಲು ಮಾತಾಡಿದ ಹುಡುಗ ಆ ಎರಡು ತಿಂಗಳ ಪ್ರಧಾನಿಯನ್ನೇ ಹಿಡಿದು ಸಭೆಯನ್ನು ನಗೆಗಡಲಲ್ಲಿ ಮುಳುಗಿಸಿದ. ಅನಘಾ ಯಾರನ್ನೂ ನಗಿಸಲಿಲ್ಲ. ಸೋತವನು ಕೆಟ್ಟವನಲ್ಲ, ಸಾಕು ಎನ್ನಲು ಯಾರಿಗೂ ಧೈರ್ಯ ಉಳಿಯದಂತೆ ಮಾಡಿದವನು ಕೆಟ್ಟವನು ಎಂದು, ದೇಶವನ್ನು ಎರಡನೇ ಮಹಾಯುದ್ಧಕ್ಕೆ ನೂಕಿದವನ ಹೆಸರನ್ನು ಹೇಳಿದಳು. ಈ ಅಳತೆಗೋಲು ನಿನ್ನ ತಂದೆತಾಯಿಯ ದೇಶಕ್ಕೂ ಸಲ್ಲುತ್ತದೆಯೇ ಎಂದು ತೀರ್ಪುಗಾರ್ತಿಯೊಬ್ಬರು ಕೇಳಿದರು. ಸಲ್ಲುತ್ತದೆ, ನಾನು ಹುಟ್ಟಿದ ಈ ದೇಶಕ್ಕೂ ಸಲ್ಲುತ್ತದೆ, ಇಲ್ಲದಿದ್ದರೆ ಜಪಾನನ್ನು ಅಳೆಯುವ ಹಕ್ಕು ನನಗೆಲ್ಲಿಯದು ಎಂದಳು. ಸೋಫಾದ ಮೇಲೆ ಅಷ್ಟು ವರ್ಷ ತೀರ್ಪು ಕೊಟ್ಟ ನಮ್ಮಲ್ಲಿ ಒಬ್ಬರಿಗೂ ಈ ಮಾತು ಹೊಳೆದಿರಲಿಲ್ಲ.

ಮೊದಲ ಬಹುಮಾನ ಆ ಹುಡುಗನಿಗೆ ಹೋಯಿತು. ವಾಷಿಂಗ್ಟನ್ನಿಗೂ ಅವನೇ ಹೋದ.

ಹಿಂತಿರುಗುವಾಗ ಅಂಕಲ್ ಮೆಲ್ಲಗೆ ಕೇಳಿದರು: "ನಾನು ಹೇಳಿದ್ದನ್ನೇ ಹೇಳಿದ್ರೆ ವಿನ್ ಆಗ್ತಿದ್ದೆ ಅಲ್ವೇನಮ್ಮ?"

"ಗೊತ್ತು ಅಂಕಲ್," ಎಂದಳು, ಅಳು ಇನ್ನೂ ಪೂರ್ತಿ ಆರದ ದನಿಯಲ್ಲಿ. "ಬಟ್ ನಂಗೆ ಹಾಗೆ ಅನ್ಸ್ಲಿಲ್ಲ."

ಡ್ರೈವ್ ಮಾಡುತ್ತಿದ್ದ ನಾನು ಹಿಂತಿರುಗಿ ನೋಡಲಿಲ್ಲ. ಹೆಮ್ಮೆಯಿಂದ ಕಣ್ಣು ತುಂಬಿ, ಎದುರಿನ ರಸ್ತೆಯೇ ಮಂಜಾಗಿತ್ತು.