ಅಕ್ಕನ ಬೆರಳು, ನನ್ನ ವಹಿ

ಕ್ರಾಸಿಂಗ್ ಉಂಗುರ ಅಂದರೆ ಬಂಗಾರದ್ದಲ್ಲ. ಪ್ಲಾಸ್ಟಿಕ್‌ನದು. ಮೇಲೊಂದು ಸಣ್ಣ ಬಟ್ಟಲಿರುತ್ತದೆ, ಅದರಲ್ಲಿ ಗಂಡು ಹೂವಿನ ಪುಡಿ ತುಂಬಿಕೊಳ್ಳುತ್ತಾರೆ. ನಮ್ಮ ಹಂಸಭಾವಿ ಕಡೆ ಬೀಜಕ್ಕೆಂದು ಟೊಮ್ಯಾಟೊ ಬೆಳೆಯುವ ಹೊಲಗಳಲ್ಲಿ ಹೆಣ್ಣುಮಕ್ಕಳು ಸಂಜೆ ಮೊಗ್ಗು ಬಿಡಿಸಿ ಒಳಗಿನ ಕೇಸರ ಕಿತ್ತು ಬರುತ್ತಾರೆ. ಮರುದಿನ ಬೆಳಿಗ್ಗೆ ಹೋಗಿ ಆ ಹೂವಿನ ತುದಿಯನ್ನು ಉಂಗುರದ ಪುಡಿಗೆ ಅದ್ದುತ್ತಾರೆ, ಇದಕ್ಕೇ ಕ್ರಾಸಿಂಗ್ ಅನ್ನುವುದು. ಬಿಸಿಲು ಏರುವುದರೊಳಗೆ ಮುಗಿಯಬೇಕು. ಅಕ್ಕ ಹದಿನಾಲ್ಕು ವರ್ಷ ಇದನ್ನೇ ಮಾಡಿದಳು. ನನಗಿಂತ ಹನ್ನೊಂದು ವರ್ಷ ದೊಡ್ಡವಳು. ಅಪ್ಪ ತೀರಿಕೊಂಡ ಮೇಲೆ ನನ್ನನ್ನು ಓದಿಸಿದ್ದು ಅವಳ ಕೈ. ಅವಳು ಮುಟ್ಟಿದ ಹೂವು ಉದುರುವುದಿಲ್ಲ ಎಂದು ಹೊಲದವರು ಹೇಳುತ್ತಿದ್ದರು.

ಹೋದ ವರ್ಷ ಒಂದು ದಿನ ಆ ಉಂಗುರ ಬೆರಳಿನ ಗಂಟು ದಾಟಲಿಲ್ಲ. ಅಕ್ಕ ಸೋಪು ಹಚ್ಚಿ ನೋಡಿದಳು. ಸಾಲಿನಲ್ಲಿದ್ದ ಗೆಳತಿಯರು ನಕ್ಕರಂತೆ.

"ಏನಬೇ, ಯಾರ ಜೋಡಿ ಲಗ್ನಾ ಗೊತ್ತ ಮಾಡಿ? ಉಂಗುರ ಬದಲಸಾಕತ್ತಿ?"

"ಹೌದವಾ, ನಿನ್ನ ಮೈದುನನ ಜೋಡಿ. ಸೀರಿ ತಯಾರ ಇಡು" ಅಂದಳಂತೆ ಅಕ್ಕ. ಮನೆಗೆ ಬಂದು ನಮಗೂ ನಗುತ್ತಲೇ ಹೇಳಿದಳು. ಆಮೇಲೆ ರೊಟ್ಟಿ ಬಡಿಯಲು ಕೂತವಳು ಎರಡು ಬಡಿದು ಎದ್ದುಬಿಟ್ಟಳು.

ತಿಂಗಳೊಳಗೆ ಎರಡೂ ಕೈ ಬಾತವು. ಬೆಳಿಗ್ಗೆ ಎದ್ದರೆ ಬೆರಳು ಕಟ್ಟಿಗೆಯ ಹಾಗೆ ಇರುತ್ತಿದ್ದವು, ಮಡಚಲು ಹತ್ತು ಗಂಟೆಯಾಗಬೇಕು. ಹತ್ತು ಗಂಟೆಗೆ ಹೊಲದಲ್ಲಿ ಕ್ರಾಸಿಂಗ್ ಮುಗಿದಿರುತ್ತದೆ. ಈ ರೋಗಕ್ಕೆ ಅಕ್ಕನಿಂದ ಕಸಿದುಕೊಳ್ಳಲು ಬೇರೆ ಹೊತ್ತೇ ಸಿಗಲಿಲ್ಲವೇ ಎಂದು ನನಗೆ ಸಿಟ್ಟು ಬರುತ್ತಿತ್ತು.

ಹುಬ್ಬಳ್ಳಿಯ ಲೇಡಿ ಡಾಕ್ಟರ್ ರಕ್ತ ತಪಾಸಣೆ ಮಾಡಿಸಿ ಸಂಧಿವಾತ ಅಂದರು, ವಯಸ್ಸಾದವರಿಗೆ ಬರುವ ಸವಕಳಿ ಅಲ್ಲ, ಬೇರೆ ಜಾತಿಯದು. ಮೈ ಕಾಯಬೇಕಾದ ಶಕ್ತಿಯೇ ದಾರಿ ತಪ್ಪಿ ಸ್ವಂತ ಕೀಲುಗಳನ್ನು ತಿನ್ನುತ್ತದಂತೆ. ಯಾಕೆ ಹಾಗೆ ಎಂದು ಕೇಳಿದೆ. ಹುಟ್ಟಿನಿಂದ ಬಂದದ್ದು ಸ್ವಲ್ಪ, ಸುತ್ತಲಿನದು ಸ್ವಲ್ಪ, ಒಂದೇ ಕಾರಣ ಎಂದು ಬೆರಳು ಮಾಡಿ ತೋರಿಸಲಾಗುವುದಿಲ್ಲ ಅಂದರು. ಆಮೇಲೆ ಕೇಳಿದರು:

"ಮನ್ಯಾಗ ಯಾರರ ಬೀಡಿ ಸೇದತಾರೇನ್ರಿ? ತಂಬಾಕ ಏನರ?"

ಅವ್ವ ಥಟ್ಟನೆ ಹೇಳಿದಳು: "ಅಯ್ಯ, ನಮ್ಮ ಮನ್ಯಾಗ ಗಂಡಸರ ಇಲ್ರಿ."

ಡಾಕ್ಟರ್ ನಕ್ಕು ಬರೆದುಕೊಂಡರು. ನಾನೂ ತಲೆಯಾಡಿಸಿದೆ. ಸುಳ್ಳು ಹೇಳಿದೆವು ಎಂದು ಮೂವರಿಗೂ ಅನಿಸಲಿಲ್ಲ.

ಒಂದೇ ಕಾರಣ ಇಲ್ಲ ಅಂದದ್ದೇ ನನಗೆ ಹುಚ್ಚು ಹಿಡಿಸಿತು. ನಾನು ಶಿಗ್ಗಾವಿಯಲ್ಲಿ ಒಂದು ಜೆರಾಕ್ಸ್ ಅಂಗಡಿಯಲ್ಲಿ ಕೆಲಸ ಮಾಡುತ್ತೇನೆ. ಡಿಗ್ರಿಯಲ್ಲಿ ಓದಿದ್ದು ಇತಿಹಾಸ, ವಿಜ್ಞಾನ ಅಲ್ಲ. ಗಿರಾಕಿ ಇಲ್ಲದಾಗ ಮೊಬೈಲ್‌ನಲ್ಲಿ ಓದಿದೆ, ತಿಳಿಯದ ಶಬ್ದವನ್ನು ಮತ್ತೆ ಹುಡುಕಿ ಓದಿದೆ. ಇನ್ನೂರು ಪುಟದ ಒಂದು ವಹಿ ಮಾಡಿದೆ. ಮೊದಲ ಪುಟದಲ್ಲಿ "ಶಂಕೆಗಳು" ಎಂದು ಬರೆದೆ. ಹೊಲದ ಔಷಧಿ. ಒಲೆಯ ಹೊಗೆ. ಕ್ರಷರ್ ಕಡೆಯಿಂದ ಬರುವ ಕಲ್ಲಿನ ಧೂಳು. ನಿದ್ದೆಗೇಡು. ಅಪ್ಪನ ಸಾವಿನ ದುಃಖವನ್ನೂ ಬರೆದೆ, ಯಾಕೆಂದರೆ ಮನಸ್ಸಿನ ಭಾರವೂ ಇರಬಹುದು ಎಂದು ಎಲ್ಲೋ ಓದಿದ್ದೆ. ನಿಜ ಹೇಳಬೇಕೆಂದರೆ ಓದುವುದರಲ್ಲಿ ಖುಷಿಯೂ ಇತ್ತು. ಅಕ್ಕನ ಕೈ ಸೊಟ್ಟಗಾಗುತ್ತಿತ್ತು, ನನ್ನ ವಹಿ ತುಂಬುತ್ತಿತ್ತು.

ಭಾನುವಾರ ಮನೆಗೆ ಬಂದು ಒಂದೊಂದನ್ನೇ ಬಿಡಿಸುತ್ತ ಹೋದೆ. ಒಲೆ ಆರಿಸಿ ಗ್ಯಾಸ್ ಮೇಲೆಯೇ ಎಲ್ಲ ಮಾಡಿಸಿದೆ. ಬದನೆಕಾಯಿ ನಿಲ್ಲಿಸಿದೆ, ಯಾರೋ ಬೇಡ ಅಂದಿದ್ದರು, ಅದಕ್ಕೆ ಆಧಾರವೇ ಇಲ್ಲ ಎಂದು ಆಮೇಲೆ ತಿಳಿಯಿತು. ಹೊಲದ ಕಡೆ ಹಾಯಬೇಡ ಎಂದು ಅಕ್ಕನಿಗೆ ಕಟ್ಟುನಿಟ್ಟು ಮಾಡಿದೆ. ಗುಳಿಗೆ ಮಾತ್ರ ತಪ್ಪಿಸಲಿಲ್ಲ, ಅಷ್ಟು ಬುದ್ಧಿ ಇತ್ತು.

"ನನಗ ಕೈಗೆ ಬ್ಯಾನಿ, ನಿನಗ ತಲಿಗೆ" ಅಂದಳು ಅಕ್ಕ. "ಹೊಲಕ್ಕ ಹೋದ್ರ ನಾಕ ಮಂದಿ ಜೋಡಿ ಮಾತರ ಆಡ್ತೇನಿ. ಇಲ್ಲಿ ಕುಂತು ಗ್ವಾಡಿ ಜೋಡಿ ಆಡ್ಲೇನು?"

ನಾನು ಕೇಳಲಿಲ್ಲ.

ಪ್ರತಿ ಭಾನುವಾರ ಹಾನಗಲ್‌ನಲ್ಲಿ ಬಸ್ ಬದಲಿಸುತ್ತೇನೆ. ಸ್ಟ್ಯಾಂಡಿನ ಹತ್ತಿರ ಸವಣೂರು ವೀಳ್ಯದೆಲೆ, ತಂಬಾಕು ಮಾರುವ ಒಂದು ಡಬ್ಬಿ ಅಂಗಡಿ ಇದೆ. ಅವ್ವ ಮತ್ತು ಅಕ್ಕನ ಹಲ್ಲುಪುಡಿಯ ಸಾಮಾನು ಕಾಲೇಜಿನ ದಿನದಿಂದಲೂ ನಾನೇ ಅಲ್ಲಿಂದ ತರುತ್ತೇನೆ. ಅಂಗಡಿಯ ಚಾಚಾ ನನ್ನ ಮುಖ ಕಂಡ ಕೂಡಲೇ ಕಾಗದದಲ್ಲಿ ಸುತ್ತಲು ಶುರು ಮಾಡುತ್ತಾರೆ.

ಎರಡನೆಯ ಸಲ ಹುಬ್ಬಳ್ಳಿಗೆ ಹೋದಾಗ ಹಾನಗಲ್‌ನಲ್ಲಿ ಇಳಿದು ಆ ಪೊಟ್ಟಣ ತೆಗೆದುಕೊಂಡೇ ಹೋಗಿದ್ದೆ. ಅಕ್ಕನಿಗೆ ಅಗಿಯುವಾಗ ನೋವು ಎಂದು ಡಾಕ್ಟರ್ ಬಾಯಿ ತೆರೆಸಿದರು. ಸ್ವಲ್ಪ ಹೊತ್ತು ಬ್ಯಾಟರಿ ಬಿಟ್ಟು ನೋಡಿದರು.

"ಹಲ್ಲಿಗೆ ಏನ ಹಚ್ಚತೀರಿ?"

"ಮಿಶ್ರಿ ರೀ" ಅಂದಳು ಅಕ್ಕ.

"ಅದು ತಂಬಾಕ ಅಲ್ಲೇನ್ರಿ?"

"ಅಲ್ರಿ, ಹಲ್ಲಪುಡಿರಿ."

ಡಾಕ್ಟರ್ ನನ್ನ ಕಡೆ ನೋಡಿದರು. ಓದಿದವಳು ನಾನೇ ತಾನೇ? ತಂಬಾಕಿನ ಎಲೆಯನ್ನು ಹಂಚಿನ ಮೇಲೆ ಕರ್ರಗೆ ಹುರಿದು ಕುಟ್ಟಿದರೆ ಮಿಶ್ರಿ. ನನ್ನ ತೊಡೆಯ ಮೇಲಿನ ಬ್ಯಾಗಿನಲ್ಲಿ ಅದೇ ಎಲೆ ಇತ್ತು, ವಾಸನೆ ನನಗೇ ಬರುತ್ತಿತ್ತು. ನಮ್ಮಲ್ಲಿ ತಂಬಾಕು ಅಂದರೆ ಗಂಡಸರು ಅಂಗೈಯಲ್ಲಿ ತಿಕ್ಕುವುದು. ಹೆಂಗಸರು ಮುಂಜಾನೆ ಹಿತ್ತಿಲಲ್ಲಿ ಕೂತು ಅರ್ಧ ತಾಸು ಒಸಡಿಗೆ ಹಚ್ಚಿಕೊಳ್ಳುವುದು ಮುಖ ತೊಳೆಯುವುದರ ಲೆಕ್ಕ. ಅಕ್ಕನ ಕೈ ಬಾತ ಮೇಲೆ ಹುರಿಯುವ ಕೆಲಸವೂ ನನ್ನದೇ ಆಗಿತ್ತು. ಹೊಗೆ ಬೇಡ ಎಂದು ಒಲೆ ಆರಿಸಿದವಳು ಅದೇ ಅಡುಗೆಮನೆಯಲ್ಲಿ, ಬಾಗಿಲು ಮುಚ್ಚಿ, ಗ್ಯಾಸಿನ ಮೇಲೆ ತಂಬಾಕು ಹುರಿಯುತ್ತಿದ್ದೆ. ಅಕ್ಕ ಹತ್ತಿರ ಕೂತು ಕೆಮ್ಮುತ್ತ "ಇನ್ನಷ್ಟ ಕರ್ರಗಾಗ್ಲಿ" ಅನ್ನುತ್ತಿದ್ದಳು.

"ಇದರಿಂದನ ಬಂತೇನ್ರಿ?" ಕೇಳಿದೆ.

"ಹಂಗ ಹೇಳಾಕ ಬರೂದಿಲ್ಲ" ಅಂದರು ಡಾಕ್ಟರ್. "ಬೀಡಿ, ಸಿಗರೇಟ್ ಆದ್ರ ಗಟ್ಟಿಯಾಗಿ ಹೇಳ್ತಿದ್ದೆ. ಇದರದು ಅಷ್ಟು ಖಾತ್ರಿ ಇಲ್ಲ. ಆದ್ರ ಒಸಡು ಪೂರಾ ಕೆಟ್ಟಾವು. ಒಸಡಿನ ರೋಗಕ್ಕೂ ಕೀಲಿನ ರೋಗಕ್ಕೂ ನಂಟು ಇರಬಹುದು ಅಂತಾರ. ಬಿಡಸ್ರಿ."

ಸೊಟ್ಟಾದ ಬೆರಳು ನೆಟ್ಟಗಾಗುತ್ತವೆಯೇ ಎಂದು ಅಕ್ಕ ಕೇಳಿದಳು. ಉಳಿದದ್ದನ್ನು ಉಳಿಸಿಕೊಳ್ಳೋಣ ಅಂದರು.

ಪೊಟ್ಟಣವನ್ನು ಹುಬ್ಬಳ್ಳಿ ಬಸ್ ಸ್ಟ್ಯಾಂಡಿನಲ್ಲೇ ಎಸೆದೆ. ಮುಂದಿನ ಭಾನುವಾರ ಚಾಚಾ ಸುತ್ತಿಟ್ಟದ್ದನ್ನು ಬೇಡ ಅಂದೆ. "ಯಾಕ ಬೇಟಾ, ಮಾಲ್ ಚೊಲೋ ಇರಲಿಲ್ಲೇನು?" ಅಂದರು. ನಾನು ಬಸ್ ಹತ್ತಿದೆ.

ಬರಿಗೈಲಿ ಬಂದದ್ದು ನೋಡಿ ಅವ್ವ ಬಾಯಿಗೆ ಬಂದಂತೆ ಬೈದಳು. ಅಕ್ಕ ಬೈಯಲಿಲ್ಲ. ಬಿಸಿನೀರಿನ ಬೋಗುಣಿಯಲ್ಲಿ ಎರಡೂ ಕೈ ಮುಳುಗಿಸಿ ಕೂತಿದ್ದಳು.

"ಕೈ ಸಡ್ಲ ಆಗೂಮಟ ಹೊತ್ತ ಹೋಗಬೇಕಲ್ಲ, ಅದಕ್ಕರ ಮಿಶ್ರಿ ಬೇಕಾಗಿತ್ತು" ಅಂದಳು. ಆಮೇಲೆ ನೀರನ್ನೇ ನೋಡುತ್ತ, "ನಿನ್ನ ವಹ್ಯಾಗ ಎಲ್ಲಾ ಬರದೀಯಲ್ಲ. ನನ್ನ ಕೈ ಯಾವಾಗ ವಾಪಸ್ ಬರತಾವಂತ ಬರದೀಯೇನು?"

ಅವಳು ಬಿಟ್ಟಿದ್ದಾಳೆ. ಅವ್ವ ಬಿಟ್ಟಿಲ್ಲ, ಬೇರೆ ಯಾರಿಂದಲೋ ತರಿಸುತ್ತಾಳೆ. ಈ ಸಲದ ಕ್ರಾಸಿಂಗ್ ಶುರುವಾಗಿದೆ. ಹೆಣ್ಣುಮಕ್ಕಳನ್ನು ಒಯ್ಯುವ ಟಂಟಂ ಮುಂಜಾನೆ ನಮ್ಮ ಓಣಿಗೆ ಬರುತ್ತದೆ. ಮೊದಮೊದಲು ನಮ್ಮ ಮನೆ ಮುಂದೆ ರೂಢಿಗೆ ಹಾರ್ನ್ ಹೊಡೆಯುತ್ತಿತ್ತು. ಈಗ ಹೊಡೆಯುವುದಿಲ್ಲ. ಆದರೂ ಅಕ್ಕ ಆ ಹೊತ್ತಿಗೆ ಎದ್ದು, ಹಲ್ಲಿಗೆ ಏನೂ ಹಚ್ಚದೆ, ಬೋಗುಣಿಯ ಮುಂದೆ ಕೂತಿರುತ್ತಾಳೆ.

ಕಿಟಕಿಯ ಗೂಡಿನಲ್ಲಿ ಆ ಉಂಗುರ ಇನ್ನೂ ಇದೆ. ಹೋದ ಭಾನುವಾರ ಅಕ್ಕ ನೋಡದಾಗ ನಾನು ಹಾಕಿಕೊಂಡು ನೋಡಿದೆ. ಸಲೀಸಾಗಿ ಇಳಿಯಿತು. ಮಿಶ್ರಿ ಹುರಿಯುವ ಆ ಹೊಗೆಯಲ್ಲಿ ನಾನೂ ಬೆಳೆದವಳೇ. ಆವತ್ತಿನಿಂದ ಎದ್ದ ಕೂಡಲೇ, ಕಣ್ಣು ಬಿಡುವುದಕ್ಕೂ ಮೊದಲು, ಮುಷ್ಟಿ ಕಟ್ಟಿ ನೋಡಿಕೊಳ್ಳುತ್ತೇನೆ.